ಹನ್ನೆರಡೂವರೆಯ ಕೂಗು

ಕೋಣೆಯ ಬಾಗಿಲು ತೆರೆದೊಡನೆ ಇವತ್ತೂ ಅದೇ ವಾಸನೆ. ಚಿಕ್ಕಂದಿನಲ್ಲಿ ಅಪ್ಪನ ರೇಡಿಯೊ ಕಾದಾಗ ಬರುತ್ತಿದ್ದ, ಬಿಸಿ ಧೂಳಿನ ವಾಸನೆ. ಅದರೊಳಗೆ ಎಲ್ಲೋ ಹುರಿದ ಬೆಳ್ಳುಳ್ಳಿ. ಹಸಿದಾಗ ಮೂಗೂ ಸುಳ್ಳು ಹೇಳುತ್ತದೆ ಎಂದುಕೊಂಡು ರಿಪೇರಿಯವನು ಕಂಪ್ಯೂಟರಿನ ಮುಂದೆ ಕೂತ.

ಅದರ ದಾಖಲೆಯ ಪ್ರಕಾರ ಬೆಳಗಿನಿಂದ ಪ್ರೊಸೆಸರ್ ಸಾಧುಪ್ರಾಣಿ. ವೇಗ ಕಡಿಮೆ, ವೋಲ್ಟೇಜ್ ಕಡಿಮೆ. ಹನ್ನೆರಡೂವರೆಗೆ ಎರಡೂ ನೆತ್ತಿಗೇರಿದ್ದವು. ಒಂದಕ್ಕೆ ಮತ್ತೆ ತೆಪ್ಪಗೆ. ಮೂರು ವಾರದಿಂದ ಇದೇ ದೂರು. ಅದಕ್ಕೆ ಸ್ವಲ್ಪ ಮೊದಲು ಕಚೇರಿಯ ಓವನ್ ಸುಟ್ಟುಹೋಗಿತ್ತು. ಕಂಪ್ಯೂಟರಿಗೂ ಪೆಟ್ಟಾಗಿದೆಯೇನೋ ಎಂದು ಆಗಲೇ ಪರೀಕ್ಷಿಸಿದ್ದ. ಯಾವ ಗುಂಡಿ ಒತ್ತಿದರೆ ಪ್ರೊಸೆಸರ್ ಮೈಮುರಿದು ದುಡಿಯುತ್ತದೆಂದು ಟೈಪಿಸ್ಟಮ್ಮನಿಗೂ ತೋರಿಸಿದ್ದ.

"ಊಟಕ್ಕೆ ಮುಂಚೆ ಒಂದು ಕೋಳಿನಿದ್ದೆ ಮಾಡೋಣ ಅಂದ್ರೆ ಆ ಫ್ಯಾನ್ ಕೂಗು," ಎಂದರು ಮ್ಯಾನೇಜರ್. "ನಾಳೆ ಕಾರಣ ಸಿಗದಿದ್ರೆ ಬೇರೆಯವರನ್ನ ಕರೀತೀನಿ ಕಣಯ್ಯ."

ಈ ಕಚೇರಿ ಕೈತಪ್ಪಿದರೆ ರಿಪೇರಿಯವನಿಗೆ ಉಳಿಯುವುದು ಸೋದರಮಾವನ ಕೆಟ್ಟ ಪ್ರಿಂಟರ್ ಒಂದೇ.

"ಯಾರೋ ಕಳ್ಳ ಹೊರಗಿಂದ ನುಗ್ಗಿ ಇದರ ಕೈಲಿ ಕೆಲಸ ಮಾಡಿಸ್ಕೊಳ್ತಿದಾನೆ, ಅಮ್ಮ," ಎಂದ.

"ದಿನಾ ಊಟದ ಹೊತ್ತಿಗೇನಾ? ಪಾಪ, ಹಸ್ಕೊಂಡಿರ್ಬೇಕು," ಎಂದರು ಟೈಪಿಸ್ಟಮ್ಮ. "ತಗೋ, ನಿನ್ನ ಡಬ್ಬಿ. ಆರೋಕ್ಮುಂಚೆ ತಿನ್ನು."

ಬೆಳಿಗ್ಗೆ ಏಳಕ್ಕೆ ಕಟ್ಟಿದ ಊಟ ಇನ್ನೂ ಬಿಸಿ. ಹೆಂಡತಿ ಕೊಂಡ ಹೊಸ ಡಬ್ಬಿ ಪರವಾಗಿಲ್ಲ ಎಂದುಕೊಂಡ.

ಮರುದಿನ ಹನ್ನೆರಡಕ್ಕೇ ಕಪಾಟಿನ ಹಿಂದೆ ಅವಿತ. ಸೀನು ಬಂತು, ಮೂಗು ಹಿಂಡಿಕೊಂಡ. ಹನ್ನೆರಡೂವರೆ. ಬಾಗಿಲು ಕಿರ್ರೆಂದಿತು. ಗುಂಡಿ ಒತ್ತಿದ ಸದ್ದು. ಫ್ಯಾನ್ ಕೂಗತೊಡಗಿತು. ಪರೀಕ್ಷೆಗೆಂದು ತಾನೇ ಹಾಕಿ, ತೆಗೆಯಲು ಮರೆತಿದ್ದ ಪ್ರೋಗ್ರಾಮನ್ನು ಯಾರೋ ಓಡಿಸುತ್ತಿದ್ದರು. ಇಣುಕಿದ. ಇಣುಕಿದವನು ಬಾಯಿಯ ಮೇಲೆ ಕೈಯಿಟ್ಟುಕೊಂಡು, ಒಂದು ಗಂಟೆಯವರೆಗೂ ಅಲ್ಲೇ ಕೂತ.

ಒಂದಕ್ಕೆ ಮ್ಯಾನೇಜರ್ ಬಾಗಿಲಲ್ಲಿ ನಿಂತರು. "ಸಿಕ್ಕಿದ್ನೇನಯ್ಯ ಕಳ್ಳ?"

ರಿಪೇರಿಯವನು ಮೊಣಕಾಲಿನ ಧೂಳು ಕೊಡವುತ್ತ ಹೊರಬಂದ. "ಪ್ರೊಸೆಸರ್ ಸರಿಯಾಗೇ ಇದೆ ಸಾರ್. ಕೆಲಸ ಕೊಟ್ಟಾಗ ಓಡುತ್ತೆ, ಇಲ್ಲದಾಗ ಮಲಗುತ್ತೆ. ನೀವು ಓವನ್ ರಿಪೇರಿ ಮಾಡಿಸಿ, ಈ ಕೂಗು ತಾನಾಗೇ ನಿಲ್ಲುತ್ತೆ."

"ಓವನ್ ಯಾಕಯ್ಯ? ಅದು ಕೆಟ್ಟ ಮೇಲೂ ನನ್ನ ಊಟ ದಿನಾ ಬಿಸಿಯಾಗೇ ಇದೆಯಲ್ಲ."

ಟೈಪಿಸ್ಟಮ್ಮ ಕಂಪ್ಯೂಟರಿನ ಕಾದ ನೆತ್ತಿಯ ಮೇಲೆ ಸಾಲಾಗಿ ಕೂತಿದ್ದ ಐದು ಡಬ್ಬಿಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಸೆರಗಿನಲ್ಲಿ ಹಿಡಿದೆತ್ತಿ, ಮೆಲ್ಲಗೆ ಮ್ಯಾನೇಜರ ಕೈಗಿಟ್ಟರು.