ಗೋಡೆಯ ಮೇಲಿನ ಏಳು ಮಂದಿ

“ನೀವು ಯಾರು ಅಂದ್ರಿ?” ಎಂದು ಎಮಿಲ್ ನೊವಾಚೆಕ್ ಎರಡನೆಯ ಸಲ ಕೇಳಿದಾಗ, ಮುದುಕ ಬೇಕೆಂದೇ ಅವಮಾನ ಮಾಡುತ್ತಿದ್ದಾನೆ ಎಂದು ಕೋಚ್ ಲೋವೆಲ್ ಬ್ರಾಟನ್‌ಗೆ ಖಾತ್ರಿಯಾಯಿತು.

ಕೈ ಕುಲುಕಿ ಇನ್ನೂ ಸರಿಯಾಗಿ ಕೈ ಬಿಟ್ಟಿರಲಿಲ್ಲ. ನೆಬ್ರಾಸ್ಕಾದಲ್ಲಿ ಲೋವೆಲ್‌ನ ಮುಖ ನೋಡದ ಹಂದಿಯೂ ಇಲ್ಲ. ಹೆದ್ದಾರಿಯ ಫಲಕಗಳಲ್ಲೆಲ್ಲ ಅದೇ ಮುಖ ನಗುತ್ತಿರುತ್ತದೆ, ಕೆಳಗೆ ‘ಕ್ವಾರ್ಟರ್‌ಬ್ಯಾಕ್‌ಗಳ ಕಾರ್ಖಾನೆ’ ಎಂಬ ಬರಹ.

ಬೆಕ್‌ವಿತ್ ಕಾಲೇಜು ಒಬ್ಬ ಒಳ್ಳೆಯ ಡಾಕ್ಟರನ್ನು ತಯಾರು ಮಾಡಿದ್ದು ಯಾರಿಗೂ ನೆನಪಿಲ್ಲ. ಅದರ ಗ್ರಂಥಾಲಯದ ಸೂರು ಸೋರುತ್ತದೆ. ಆದರೆ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆದು ತಂಡ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಏಳು ಮಂದಿಯನ್ನು ಅದು ವೃತ್ತಿಪರ ಲೀಗಿಗೆ ಕಳಿಸಿದೆ. ಆ ಏಳು ಮಂದಿಗೆ ಅಮೃತಶಿಲೆಯ ಹಜಾರ, ಆಳೆತ್ತರದ ಚಿತ್ರಗಳು, ಒಂದೊಂದಕ್ಕೂ ಪ್ರತ್ಯೇಕ ದೀಪ. ಊರಿನ ಚರ್ಚಿನಲ್ಲೂ ಇಷ್ಟು ಬೆಳಕಿಲ್ಲ.

ಎಂಟನೆಯ ಚಿತ್ರಕ್ಕೆ ಜಾಗ ಬಿಟ್ಟಿದ್ದರು. ಅದರಲ್ಲಿ ತಾನಿರಬೇಕು ಎಂಬುದು ಎಮಿಲ್‌ನ ಮೊಮ್ಮಗ ಟ್ರೆಂಟ್‌ನ ಆಸೆ. ಪ್ರೌಢಶಾಲೆಯ ಹುಡುಗರಲ್ಲಿ ಅವನಂತೆ ಚೆಂಡು ಎಸೆಯುವವನು ರಾಜ್ಯದಲ್ಲೇ ಇರಲಿಲ್ಲ. ಬೇಡ ಎಂದು ಅವನಮ್ಮ ಡೋರಿನ್ ವರ್ಷವಿಡೀ ಹೇಳಿದ್ದಳು. ಅಜ್ಜನ ಬಗ್ಗೆ ಅವಳು ಹೇಳುವುದನ್ನು ಅವನು ನಂಬುತ್ತಿರಲಿಲ್ಲ. ಕೊನೆಗೆ ಅವಳೇ ಕೋಚ್‌ಗೆ ಫೋನ್ ಮಾಡಿದಳು.

“ನಮ್ಮಪ್ಪನ್ನ ಕರ್ಕೊಂಡು ಬರ್ತೀನಿ. ಆ ಗೋಡೆ ಪೂರ್ತಿ ತೋರಿಸಿ, ಒಂದೂ ಬಿಡಬೇಡಿ. ಅವರು ಮೆಚ್ಚಿದ್ರೆ ಹುಡುಗ ನಿಮ್ಮವನು.”

ಲೋವೆಲ್‌ಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಈ ಆಟದಲ್ಲಿ ಎಮಿಲ್‌ನ ಮಾತಿಗೆ ತೂಕವಿತ್ತು. ಅವನು ಬೆಕ್‌ವಿತ್‌ನ ಕಡೆ ತಲೆಹಾಕದೆ ಎಷ್ಟೋ ವರ್ಷಗಳಾಗಿದ್ದವು. ಅವನೇ ಬಂದು ಮೊಮ್ಮಗನನ್ನು ಒಪ್ಪಿಸಿದ ಎಂದರೆ ಉಳಿದ ಹುಡುಗರು ತಾವಾಗಿಯೇ ಸಾಲುಗಟ್ಟುತ್ತಾರೆ.

“ಬನ್ನಿ ಸಾರ್, ಇದು ನಿಮ್ಮದೇ ಮನೆ ಅಂದ್ಕೊಳ್ಳಿ,” ಎಂದ ಲೋವೆಲ್, ಅವಮಾನ ನುಂಗಿಕೊಂಡು.

“ನನ್ನ ಮನೆ ಗೋಡೆ ಮೇಲೆ ಇಷ್ಟೊಂದು ಪೆದ್ದರಿಲ್ಲ.”

ಟ್ರೆಂಟ್ ಕಿಸಕ್ಕನೆ ನಕ್ಕ. ಡೋರಿನ್ ನಗಲಿಲ್ಲ. ಅಪ್ಪನ ಮೊಣಕೈ ಹಿಡಿದು ಮೆಲ್ಲಗೆ ನಡೆಸಿದಳು.

ಚಿತ್ರಗಳು ಹೊಸಬರಿಂದ ಹಳಬರ ಕಡೆಗೆ ಸಾಲಾಗಿದ್ದವು. ಮೊದಲನೆಯದರ ಮುಂದೆ ಎಮಿಲ್ ನಿಂತ. ಹೆಸರು ಕೇಳಲಿಲ್ಲ, ಓದಲೂ ಇಲ್ಲ.

“ಕಾಲು ನೋಡು ಇವನ್ದು. ಎಸೆಯೋಕೆ ನಿಂತ ಕಾಲಲ್ಲ, ಓಡಿಹೋಗೋಕೆ ನಿಂತಿದ್ದು.”

ಎರಡನೆಯದಕ್ಕೆ ಮೂಗು ಮುರಿದ. “ಈ ಮೊಣಕೈ ಹೆಚ್ಚು ದಿನ ಬಾಳಲ್ಲ.”

“ಬಾಳಲಿಲ್ಲ ಸಾರ್,” ಎಂದ ಲೋವೆಲ್ ಪೆಚ್ಚಾಗಿ. “ಎರಡು ಸಲ ಆಪರೇಷನ್ ಆಯ್ತು.”

ಅಜ್ಜನ ಕಣ್ಣು ಇನ್ನೂ ಎಷ್ಟು ಚುರುಕು ಎಂದು ಟ್ರೆಂಟ್‌ಗೆ ಹೆಮ್ಮೆಯೆನಿಸಿತು. ಅಮ್ಮನ ಕಡೆ ನೋಡಿ, ಕಂಡೆಯಾ ಎನ್ನುವಂತೆ ಹುಬ್ಬು ಹಾರಿಸಿದ. ಅವಳು ಬೇರೆ ಕಡೆ ನೋಡಿದಳು.

“ಇಲ್ಲಿ ಬಂದವರಿಗೆ ಕಾಫಿ ಕೊಡೋ ಪದ್ಧತಿ ಇಲ್ವಾ?” ಎಂದ ಎಮಿಲ್. ಕಾಫಿಯ ಲೋಟ ಅವನ ಕೈಯಲ್ಲೇ ಇತ್ತು. ಬೆಕ್‌ವಿತ್‌ನ ಕಾಫಿ ಪಾತ್ರೆ ತೊಳೆದ ನೀರಿನಂತಿರುತ್ತದೆ ಎಂಬುದು ಲೋಕವೇ ಬಲ್ಲ ಮಾತು. ಲೋವೆಲ್ ಹಲ್ಲು ಕಚ್ಚಿಕೊಂಡು ನಕ್ಕ.

ಮೂರನೆಯವನು ಎಮಿಲ್‌ನ ಕಣ್ಣಿಗೆ ಮದುವೆಗೆ ಹೊರಟ ಮದುಮಗನಾದ. ನಾಲ್ಕನೆಯವನು ಹುಲ್ಲಿನ ಬೊಂಬೆಯಾದ. ಲೋವೆಲ್ ಸುಮ್ಮನಿರುವ ಜಾತಿಯವನಲ್ಲ.

“ಒಂದು ಮಾತು ಸಾರ್. ನಮ್ಮವರು ಗಂಟೆ ಬಾರಿಸಿದ್ರೂ ಮೈದಾನ ಬಿಟ್ಟವರಲ್ಲ.”

ತಲೆಗೆ ಪೆಟ್ಟು ಬಿದ್ದು ಕಣ್ಣು ಕತ್ತಲಿಟ್ಟರೆ ಇವರು ಅದಕ್ಕೆ ಗಂಟೆ ಬಾರಿಸಿತು ಎನ್ನುತ್ತಾರೆ. ಶಾಲೆ ಬಿಟ್ಟಾಗ ಬಾರಿಸುವ ಗಂಟೆಯೇನೋ ಎಂಬಷ್ಟು ಸಲೀಸಾಗಿ ಎನ್ನುತ್ತಾರೆ. ತಲೆ ಯಾರದೋ ಆದರೆ ಮಾತು ಸಲೀಸಾಗಿಯೇ ಬರುತ್ತದೆ.

“ನೀವು ಯಾರು ಅಂದ್ರಿ?” ಎಂದ ಎಮಿಲ್.

ಲೋವೆಲ್‌ನ ಕಿವಿ ಕೆಂಪಾಯಿತು. ಇನ್ನೆರಡು ಚಿತ್ರಗಳನ್ನು ಬೇಗಬೇಗ ದಾಟಿಸಿ ಕೊನೆಯದರ ಮುಂದೆ ನಿಲ್ಲಿಸಿದ. ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಈ ಭಂಗಿಯನ್ನು ಅವನು ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಬಂದಿದ್ದ.

“ಎಲ್ಲಾ ಶುರುವಾಗಿದ್ದು ಇಲ್ಲಿಂದ ಕಣೋ ಟ್ರೆಂಟ್. ಗಂಟೆ ಎಷ್ಟು ಸಲ ಬಾರಿಸಿತೋ ಲೆಕ್ಕ ಇಟ್ಟವರಿಲ್ಲ. ಒಂದು ಆಟಕ್ಕೂ ಹೊರಗೆ ಕೂತವರಲ್ಲ. ಬೆಕ್‌ವಿತ್ ಅಂದ್ರೆ ಇದು.”

ಎಮಿಲ್ ಚಿತ್ರವನ್ನು ಮೇಲಿನಿಂದ ಕೆಳಗಿನವರೆಗೆ ಅಳೆದ. ಉಳಿದವರಿಗಿಂತ ಹೆಚ್ಚು ಹೊತ್ತು ನೋಡಿದ. ತುಟಿ ಸೊಟ್ಟಗಾಯಿತು.

“ಈ ಹಲ್ಲು ಕಿರಿಯೋನು ಯಾರು? ಎಲ್ಲರಿಗಿಂತ ದೊಡ್ಡ ದಡ್ಡ ಇವನೇ. ಕತ್ತು ನೋಡು, ತಲೆ ಮುಂದೆ ಇಟ್ಕೊಂಡೇ ನುಗ್ತಾನೆ. ಇಂಥವನ ತಲೇಲಿ ಕೊನೆಗೆ ಏನು ಉಳಿಯತ್ತೆ?”

ಲೋವೆಲ್ ಹಜಾರ ತುಂಬುವಂತೆ ನಕ್ಕ. ಈ ಮಾತು ನಾಳೆ ಪತ್ರಿಕೆಗೆ ಕೊಡಲು ಎಷ್ಟು ಚೆನ್ನಾಗಿದೆ ಎಂದುಕೊಂಡ. ಎಮಿಲ್ ನಗಲಿಲ್ಲ. ಅವನು ಉತ್ತರಕ್ಕೆ ಕಾಯುತ್ತಿದ್ದ. ಲೋವೆಲ್‌ನ ನಗು ನಡುವೆಯೇ ಸಿಕ್ಕಿಕೊಂಡಿತು.

ಟ್ರೆಂಟ್ ಚಿತ್ರ ನೋಡಿದ, ಅಜ್ಜನನ್ನು ನೋಡಿದ. ಮುಖದ ರಕ್ತ ಇಳಿದುಹೋಯಿತು.

“ನಾನಿಲ್ಲಿಗೆ ಬರಲ್ಲ ಕೋಚ್,” ಎಂದ. “ಅಮ್ಮ, ಅಜ್ಜನ್ನ ಕರ್ಕೊಂಡು ಹೋಗೋಣ ನಡಿ.”

“ಕೇಳಿದ್ದಕ್ಕೆ ಉತ್ತರ ಕೊಡೋರು ಯಾರೂ ಇಲ್ವಾ ಇಲ್ಲಿ?” ಎಮಿಲ್ ರೇಗಿದ. “ಯಾರಿವನು?”

ಡೋರಿನ್ ಅವನ ಕೋಟಿನ ಗುಂಡಿ ಹಾಕುತ್ತ ಹೇಳಿದಳು, “ಅದು ನೀವೇ ಅಪ್ಪ.”