ಮೊದಲ ಮುಷ್ಟಿ

"ಕಣ್ಣು ಮುಚ್ಚಿ ಹಾಕು ಮಾರಾಯ, ಮೂಡುಬಿದಿರೆವರೆಗೆ ವಾಸನೆ ಹೋಗುದಿಲ್ಲ!" ಎಂದು ಸಂದೇಶ್ ನಕ್ಕಾಗ, ಶೋಧನ್ ಮುಖ ತಿರುಗಿಸಿ ಮೀನಿನ ಕರುಳು ತುಂಬಿದ ಬಕೆಟ್ಟಿಗೆ ಗ್ಲೌಸಿನ ಕೈ ಹಾಕಿದ. ಮೂಡುಬಿದಿರೆಯ ಜೈನರ ಮನೆಯ ಹುಡುಗ ಮೀನು ಮುಟ್ಟಿದ್ದು ಇದೇ ಮೊದಲು. ನಡುಗಡಲಿನಲ್ಲಿ ಮೀನಿನ ಕರುಳು ಚೆಲ್ಲಿದರೆ ಮಾತ್ರ ದೂರದ ಹಕ್ಕಿಗಳು ದೋಣಿಯ ಹತ್ತಿರ ಬರುತ್ತವೆ. ಹಕ್ಕಿ ನೋಡಲು ಬಂದಿದ್ದ ತಂಡದ ಉಳಿದವರೆಲ್ಲ ತಮ್ಮ ಸರದಿ ಮುಗಿಸಿದ್ದರು. ಅವನು ಕಣ್ಣು ಮುಚ್ಚಿಯೇ ಒಂದು ಮುಷ್ಟಿ ಎಸೆದ.

ಕಣ್ಣು ತೆರೆದಾಗ, ವರ್ಷಗಟ್ಟಲೆ ಚಿತ್ರದಲ್ಲಷ್ಟೇ ನೋಡಿದ್ದ ಶಿಯರ್‌ವಾಟರ್ ಎಂಬ ಕಡಲಹಕ್ಕಿ ನೀರಿಗಿಳಿದು ಅದನ್ನೇ ನುಂಗುತ್ತಿತ್ತು. ಕ್ಯಾಮೆರಾಗಳು ಚಟಪಟಿಸಿದವು. ಹಕ್ಕಿ ತಲೆ ಕೊಡವಿತು, ಮತ್ತೆ ಕೊಡವಿತು, ಮೇಲೆದ್ದಿತು. ಅದರ ಕೊಕ್ಕಿನಿಂದ ಒಂದು ತುಂಡು ನೈಲಾನ್ ದಾರ ನೇತಾಡುತ್ತಿತ್ತು.

"ಅದರಲ್ಲಿ ಗಾಳ ಉಂಟು! ನಿನ್ನ ಕೈಗೆ ಸಿಗ್ಲಿಲ್ವಾ?" ಎಂದಳು ಬಂಟ್ವಾಳದ ಸುಪ್ರೀತಾ. ಮನೆಯಲ್ಲಿ ಮೀನು ಹೆಚ್ಚಿ ಬೆಳೆದ ಅವಳು, ಮೀನು ನುಂಗಿದ ಗಾಳ ಕರುಳಲ್ಲೇ ಉಳಿದಿರಬಹುದೆಂದು, ಪ್ರತಿ ಮುಷ್ಟಿಯನ್ನೂ ಹಿಚುಕಿ ನೋಡಿಯೇ ಎಸೆದಿದ್ದಳು. ಅದನ್ನು ಅವನಿಗೂ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಹಕ್ಕಿ ಪಡುವಣದಲ್ಲಿ ಚುಕ್ಕಿಯಾಯಿತು. ಗಂಟಲಲ್ಲಿ ಗಾಳ ಸಿಕ್ಕಿದ ಹಕ್ಕಿ ಎಷ್ಟು ನಿಧಾನವಾಗಿ ಸಾಯುತ್ತದೆಂದು ಶೋಧನ್‌ಗೆ ಗೊತ್ತಿತ್ತು. "ಇನ್ನೊಂದು ಮುಷ್ಟಿ ಹಾಕುವ, ಬೇರೆ ಬರ್ತದೆ," ಎಂದು ಸಂದೇಶ್ ಕೈ ಚಾಚಿದ. ಶೋಧನ್ ಬಕೆಟ್ಟನ್ನು ತನ್ನ ಕಾಲುಗಳ ನಡುವೆ ಎಳೆದುಕೊಂಡ. ಗ್ಲೌಸು ಕಳಚಿಟ್ಟು, ಬರಿಗೈಯಲ್ಲಿ ಒಂದೊಂದೇ ಕರುಳನ್ನು ಹಿಚುಕಿ ನೋಡತೊಡಗಿದ.