ಬಿಸಿ ಶಾವಿಗೆ

ನನ್ನ ತಟ್ಟೆಯ ಮುಚ್ಚಳ ಯಾವತ್ತೂ ಕೊನೆಗೇ ತೆರೆಯುವುದು. ಎಲ್ಲರ ಮನೆಯಲ್ಲೂ ಹಾಗೆಯೇ: ಮಕ್ಕಳು ಉಂಡ ಮೇಲೆ ಹೆತ್ತವರ ಮುಚ್ಚಳ ತಾನಾಗಿಯೇ ತೆರೆಯುತ್ತದೆ, ಅವರು ಉಂಡ ಮೇಲೆ ಅಜ್ಜ ಅಜ್ಜಿಯರದು; ಅದಕ್ಕೆ ಮೊದಲು ಎಷ್ಟು ಎಳೆದರೂ ತೆರೆಯದು. ನಾನೋ ಮುತ್ತಜ್ಜಿ. ಮರಿಮಗಳು ನೀಲು ಹಾಡುತ್ತ ಕುಣಿಯುತ್ತ ಉಂಡು, ಆಮೇಲೆ ಅವಳಪ್ಪ ಉಂಡು, ಆಮೇಲೆ ಅವನಪ್ಪ ಕೈ ತೊಳೆಯುವ ಹೊತ್ತಿಗೆ ನನ್ನ ಶಾವಿಗೆ ತಣ್ಣಗಾಗಿ ಗಟ್ಟಿ ಉಂಡೆಯಾಗಿರುತ್ತದೆ.

ಬಿಸಿ ಶಾವಿಗೆಯ ರುಚಿಯೇ ಮರೆತುಹೋಗಿತ್ತು. ಅದಕ್ಕೇ ನಿನ್ನೆ ನೀಲುವಿನ ಕೈ ಹಿಡಿದು ಪಂಚಾಯಿತಿ ಕಚೇರಿಗೆ ಹೋದೆ.

"ಇವಳು ನನ್ನನ್ನ ದತ್ತು ತಗೊಳ್ತಾಳೆ" ಅಂದೆ. ಗುಮಾಸ್ತ ತಲೆಯನ್ನೂ ಎತ್ತದೆ ಮುದ್ರೆ ಒತ್ತಿದ. ನೀಲುವಿನ ಮಗಳಾದರೆ ಮೊದಲ ಊಟ ನನ್ನದೇ ಅಂದುಕೊಂಡಿದ್ದೆ.

ಇವತ್ತು ಯಾರ ಮುಚ್ಚಳವೂ ತೆರೆಯಲಿಲ್ಲ. ನೀಲುವಿನ ಮುಚ್ಚಳ ಅವಳ ಮಗಳಾದ ನನ್ನ ಊಟಕ್ಕೆ ಕಾಯುತ್ತಿದೆ. ನನ್ನದು ಮಗನ ಊಟಕ್ಕೆ, ಮಗನದು ಮೊಮ್ಮಗನ ಊಟಕ್ಕೆ, ಮೊಮ್ಮಗನದು ನೀಲುವಿನ ಊಟಕ್ಕೆ.

ಅರವತ್ತು ದಾಟಿದ ನನ್ನ ಮಗ ಸಿದ್ದರಾಜು ಹೊಟ್ಟೆ ಹಿಡಿದುಕೊಂಡು ಬಂದ. "ಏನವ್ವಾ ಮಾಡಿಟ್ಟೆ? ಮೊದಲು ಹೋಗಿ ಆ ದತ್ತು ರದ್ದು ಮಾಡಿಸು!"

ನನಗಿಂತ ಮುಂಚೆ ಯಾರೂ ಉಣ್ಣದ ಮೊದಲ ದಿನ ಇದು. ನಾನು ನೀಲುವಿನ ಪುಟ್ಟ ತೊಡೆಯ ಮೇಲೆ ಮೆಲ್ಲಗೆ ತಲೆಯಿಟ್ಟೆ.

"ನನ್ನನ್ನೇನು ಕೇಳ್ತೀಯಪ್ಪಾ? ನಮ್ಮಮ್ಮನ್ನ ಕೇಳು."